ಹಮೀದಣ್ಣನ ಜಪಾನಿ ಕತ್ತಿ

ದೋಹಾದ ಹೊರಗಿನ ಈ ಖಾಸಗಿ ಕಲಾ ಮ್ಯೂಸಿಯಂನಲ್ಲಿ ಜಪಾನಿ ಕತ್ತಿಗಳಿಗೆ ಲವಂಗದೆಣ್ಣೆ ಹಚ್ಚುವವರು ಪುತ್ತೂರಿನ ಹಮೀದಣ್ಣ. ಉಸಿರಿನ ಪಸೆ ತಾಗದಿರಲೆಂದು ಬಾಯಲ್ಲಿ ಕಾಗದ ಕಚ್ಚಿಕೊಂಡೇ ಕೆಲಸ ಮಾಡುತ್ತಾರೆ. ಅವರ ಕೆಲಸ ನೋಡಲು ಬಂದು ಪಕ್ಕದಲ್ಲಿ ನಿಂತಿದ್ದ ನಾನು, ಆಯುಧಪೂಜೆಯ ಅಭ್ಯಾಸದಿಂದ, ಅಲಗಿಗೆ ಬೆರಳು ಮುಟ್ಟಿಸಿ ಕಣ್ಣಿಗೊತ್ತಿಕೊಂಡೆ. ಅವರ ಬಾಯಿಂದ ಕಾಗದ ಬಿತ್ತು.

“ಎಂತ ಮಾಡಿದ್ರಿ ಮಾರಾಯ್ರೆ. ಬೆವರು ತಾಗಿದ್ರೆ ತುಕ್ಕು. ನನ್ನ ಕೆಲಸ ಖಲಾಸ್.”

ಅವರು ಒರೆಸಿದರು, ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಒರೆಸಿದರು. ಬೆರಳಿನ ಗುರುತು ಹೋಗಿತ್ತು. ಎಣ್ಣೆ ಹಚ್ಚಿ, ಕತ್ತಿಯನ್ನು ಮರದ ಒರೆಗೆ ಸೇರಿಸಿ, ನನ್ನೆದುರು ಹಿಡಿದರು.

“ಈಗ ಮುಟ್ಟಿ. ಮರಕ್ಕೆ ಎಂತ ಆಗುದಿಲ್ಲ.”

ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವರು ಹೊಸ ಕಾಗದ ಕಚ್ಚಿಕೊಂಡು ಮುಂದಿನ ಕತ್ತಿ ತೆಗೆದರು. ನಾನು ಎರಡು ಹೆಜ್ಜೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.