ಕೆಂಪು ಬಕೆಟ್ಟಿನ ಮರಳು

ಮಕ್ಕಳೇ, ಮೊನ್ನೆ ಘಾಟ್ಕೋಪರದ ಮದುವೆ ಹಾಲ್‌ನಲ್ಲಿ ಊಟಕ್ಕೆ ಕೂತಿದ್ದಾಗ ನಿಮ್ಮ ಅಪ್ಪನ ಅಕ್ಕ ಪಕ್ಕದವರಿಗೆ ಹೇಳಿದ ಮಾತು ನನ್ನ ಕಿವಿಗೆ ಬಿದ್ದಂತೆ ನಿಮ್ಮ ಕಿವಿಗೂ ಬಿತ್ತು. ನಿಮ್ಮ ಅಮ್ಮ ಕಂಪ್ಯೂಟರಿನೊಳಗಿಂದ ತೆಗೆಯಬಾರದ್ದನ್ನು ತೆಗೆದು ಹಾಕಿದಳಂತೆ, ಕಂಪನಿಯ ಮೆಷಿನುಗಳೆಲ್ಲ ಬಿದ್ದವಂತೆ, ಅದಕ್ಕೇ ಅವಳನ್ನು ಕಳಿಸಿದರಂತೆ. "ಜಾಸ್ತಿ ಹುಷಾರಾದರೆ ಹೀಗೆಯೇ" ಎಂದು ಸೇರಿಸಿ ಅವರು ಇನ್ನೊಂದು ಸಲ ಪಾಯಸ ಹಾಕಿಸಿಕೊಂಡರು.

ವಾಪಸ್ ಬರುವಾಗ ಮೆಟ್ರೋದಲ್ಲಿ ಚಿಕ್ಕವಳು ನನ್ನ ಸೆರಗು ಜಗ್ಗಿ ಕೇಳಿದಳು: "ಅಜ್ಜೀ, ಮಿಸ್ಟೇಕ್ ಮಮ್ಮಾನೇ ಮಾಡಿದ್ದು ಕ್ಯಾ? ಸಚ್ ಹೇಳು." ದೊಡ್ಡವನು ಕಿಟಕಿಯ ಹೊರಗೆ ನೋಡುತ್ತಿದ್ದ. ಆದರೆ ಅವನ ಕಿವಿ ನಮ್ಮ ಕಡೆಗೇ ಇತ್ತು.

ನಾಲ್ಕು ಜನರ ನಡುವೆ ನನಗೆ ಬಾಯಿ ಬರುವುದಿಲ್ಲ, ಮೊದಲಿನಿಂದಲೂ ಹಾಗೆಯೇ. ಮನೆಯಲ್ಲಿ ನಾವು ಮಾತಾಡುವುದು ತುಳು. ಬರೆಯಲು ಬರುವುದು ಊರಿನ ಶಾಲೆಯಲ್ಲಿ ಕಲಿತ ಕನ್ನಡ ಮಾತ್ರ. ನಿಮಗೆ ಕನ್ನಡ ಓದುವುದು ಕಷ್ಟ, ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿ. ಅಮ್ಮನಿಂದ ಮಾತ್ರ ಓದಿಸಬೇಡಿ. ಅವಳು ತನಗೆ ಬೇಡದ್ದನ್ನು ಬಿಟ್ಟು ಓದುತ್ತಾಳೆ.

ಅವಳ ಕೆಲಸ ಏನೆಂದು ನಿಮಗೇ ಸರಿಯಾಗಿ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಮನೆಯಿಂದಲೇ ಕೆಲಸ ಮಾಡುವಂತಾದ ಮೇಲೆ ನಮ್ಮ ಊಟದ ಮೇಜೇ ಅವಳ ಆಫೀಸು. ಮಲಾಡಿನ ಈ ಮನೆಯಲ್ಲಿ ಇನ್ನೊಂದು ಮೇಜು ಹಾಕಲು ಜಾಗವಿಲ್ಲ. ಮೇಜಿನ ಒಂದು ತುದಿಯಲ್ಲಿ ಅವಳ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ನನ್ನ ತರಕಾರಿಯ ತಟ್ಟೆ. ನಾನಾಗಿ ಕೇಳುವವಳಲ್ಲ. ಅವಳೇ ಚಹಾ ಕುಡಿಯುವಾಗ ಹೇಳುತ್ತಿದ್ದಳು.

ಸಮುದ್ರದ ನೀರು ಒಳಗೆ ಬರುವ ಖಾಡಿಯ ಆಚೆ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಯಾರೂ ಎದುರಿಗೆ ಕೂರದ ಕಂಪ್ಯೂಟರುಗಳು ಸಾಲಾಗಿ ನಿಂತಿರುತ್ತವೆಯಂತೆ. ಅವುಗಳಿಗೆ ಸರ್ವರ್ ಎನ್ನುತ್ತಾರೆ. ನಮ್ಮಲ್ಲಿ ಖೋಲಿ ಬಾಡಿಗೆಗೆ ಕೊಟ್ಟ ಹಾಗೆ ಅವುಗಳನ್ನು ತುಂಡು ತುಂಡು ಮಾಡಿ ಆಸ್ಪತ್ರೆಗಳಿಗೆ, ಅಂಗಡಿಗಳಿಗೆ ಬಾಡಿಗೆಗೆ ಕೊಡುತ್ತಾರೆ. ಪ್ರತಿ ಕಂಪ್ಯೂಟರಿನ ತಳದಲ್ಲಿ ಕರ್ನೆಲ್ ಎಂಬುದೊಂದು ಇರುತ್ತದೆ. ಮೇಲಿನವರೆಲ್ಲ ಏನು ಬೇಕಾದರೂ ಅದನ್ನೇ ಕೇಳಬೇಕು. ಆ ಕರ್ನೆಲ್ಲಿಗೆ ಲೋಕದಲ್ಲಿರುವ ಎಲ್ಲವೂ ಗೊತ್ತು: ಪ್ರಿಂಟರು, ಸ್ಪೀಕರು, ಕ್ಯಾಮೆರಾ, ನೀವು ಆಡುವ ಗೇಮಿನ ಹಿಡಿಕೆ. ಕತ್ತಲೆ ಕೋಣೆಯಲ್ಲಿ ನಿಂತ ಸರ್ವರ್‌ಗೆ ಅವೆಲ್ಲ ಯಾಕೆ? ಹೆಚ್ಚು ಇದ್ದಷ್ಟೂ ಭಾರ, ಕಳ್ಳರು ನುಗ್ಗಲು ಹೆಚ್ಚು ಬಾಗಿಲು. ಆದ್ದರಿಂದ ಬೇಡದ್ದನ್ನು ಹುಡುಕಿ ತೆಗೆಯುವುದು, ಇದು ನಿಮ್ಮ ಅಮ್ಮನ ಕೆಲಸ.

ಹುಡುಕುವುದು ಹೇಗೆಂದೂ ಹೇಳಿದ್ದಳು. ಕೆಲವು ಮೆಷಿನುಗಳನ್ನು ದಿನನಿತ್ಯದ ಕೆಲಸಕ್ಕೆ ಹಚ್ಚಿ ಕಾಯುತ್ತಾರೆ. ಕರ್ನೆಲ್ಲಿನ ಯಾವ ಯಾವ ಭಾಗಕ್ಕೆ ಕರೆ ಬಂತು ಎಂದು ಗುರುತು ಮಾಡುತ್ತಾರೆ. ಅಷ್ಟು ದಿನದಲ್ಲಿ ಒಮ್ಮೆಯೂ ಕರೆ ಬಾರದ ಭಾಗ ಬೇಡದ್ದು. ಅದನ್ನು ಕತ್ತರಿಸುತ್ತಾರೆ. ಮತ್ತೆ ಓಡಿಸಿ ನೋಡುತ್ತಾರೆ, ಮತ್ತೆ ಕತ್ತರಿಸುತ್ತಾರೆ. ಅವಳಿಗೆ ಇದರಲ್ಲಿ ಸಂತೋಷವಿತ್ತು, ಸುಳ್ಳು ಹೇಳಬಾರದು. ಕರ್ನೆಲ್ ಸಣ್ಣದಾದ ದಿನ ಮುಖದಲ್ಲಿ ಗೊತ್ತಾಗುತ್ತಿತ್ತು, ಮೀನಿನ ಸಾರಿಗೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದಳು.

ಆದರೆ ಒಂದು ಭಾಗ ಅವಳಿಗೆ ಮುಳ್ಳಾಯಿತು. ಕರ್ನೆಲ್ಲೇ ಕುಸಿದು ಬಿದ್ದಾಗ ಮಾತ್ರ ಏಳುವ ಒಂದು ಪುಟ್ಟ ಕರ್ನೆಲ್ ಇರುತ್ತದೆಯಂತೆ. ಅದು ಎದ್ದು, ದೊಡ್ಡದು ಬೀಳುವ ಹೊತ್ತಿಗೆ ಒಳಗೆ ಏನೇನಿತ್ತೋ ಅದನ್ನೆಲ್ಲ ಬರೆದಿಟ್ಟು ಹೋಗುತ್ತದೆ. ಯಾಕೆ ಬಿತ್ತು ಎಂದು ಆಮೇಲೆ ನೋಡಲು ಅದೊಂದೇ ದಾರಿ. ಅದಕ್ಕಾಗಿ ಪ್ರತಿ ಮೆಷಿನಿನಲ್ಲೂ ಸ್ವಲ್ಪ ಜಾಗ ಖಾಲಿ ಬಿಟ್ಟಿರಬೇಕು, ಬೇರೆ ಯಾರಿಗೂ ಕೊಡುವ ಹಾಗಿಲ್ಲ. ಪರೀಕ್ಷೆಯ ದಿನಗಳಲ್ಲಿ ಒಂದು ಮೆಷಿನೂ ಬೀಳಲಿಲ್ಲ. ಹಾಗಾಗಿ ಆ ಪುಟ್ಟದನ್ನು ಯಾರೂ ಕರೆಯಲಿಲ್ಲ. ಲೆಕ್ಕದ ಪ್ರಕಾರ ಅದೂ ಬೇಡದ್ದೇ ಆಯಿತು.

ಆ ಪುಟ್ಟದು ಯಾಕೆ ಬೇಕೆಂದು ನನಗೆ ಬೇಗ ಅರ್ಥವಾಯಿತು. ನಿಮ್ಮ ಅಜ್ಜ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನಮ್ಮನ್ನು ಒಳಗೆ ಬಿಟ್ಟಿರಲಿಲ್ಲ. ಕೊನೆಗೆ ಏನಾದರೂ ಹೇಳಿದರೇ, ನೀರು ಕೇಳಿದರೇ ಎಂದು ಹೊರಗೆ ಬಂದ ನರ್ಸಿನ ಹತ್ತಿರ ಕೇಳಿದೆ. ಅವಳ ಡ್ಯೂಟಿ ಆಗಷ್ಟೇ ಶುರುವಾಗಿತ್ತು, ಅವಳಿಗೆ ಗೊತ್ತಿರಲಿಲ್ಲ. ಈಗಲೂ ನನಗೆ ಗೊತ್ತಿಲ್ಲ.

ಇನ್ನು ಆ ದಿನದ ವಿಷಯ. ಮಳೆಗಾಲಕ್ಕೆ ಮುಂಚೆ ಒಣಸಿಗಡಿ ತರಿಸಿದ್ದೆ, ಮೇಜಿನ ನನ್ನ ತುದಿಯಲ್ಲಿ ಕೂತು ತಲೆ ಬಾಲ ಚಿವುಟುತ್ತಿದ್ದೆ. ನೀವು ಶಾಲೆಗೆ ಹೋಗಿದ್ದಿರಿ, ನಿಮ್ಮ ಅಪ್ಪ ಎಂದಿನಂತೆ ಹಡಗಿನಲ್ಲಿದ್ದರು. ಅವಳು ಆ ಪುಟ್ಟ ಕರ್ನೆಲ್ಲನ್ನು ತೆಗೆಯಬಾರದು ಎಂದು ಮೇಲಿನವರಿಗೆ ಮೇಲ್ ಬರೆಯುತ್ತೇನೆ ಎಂದು ತನ್ನ ಸಾಹೇಬನಿಗೆ ತಿಳಿಸಿದ್ದಳು. ಸ್ವಲ್ಪ ಹೊತ್ತಿನಲ್ಲೇ ಅವನ ಕಾಲ್ ಬಂತು. ಮೇಲ್ ಗೀಲ್ ಬೇಡ, ಬರೆದರೆ ನಾಳೆ ಹತ್ತು ಜನ ಓದುತ್ತಾರೆ, ಬಾಯಲ್ಲೇ ಮುಗಿಸೋಣ ಎಂದ. ಅವಳ ಇಯರ್‌ಫೋನ್ ಕೆಟ್ಟಿತ್ತು, ಲ್ಯಾಪ್‌ಟಾಪಿನಲ್ಲೇ ಅವನ ದನಿ ಕೇಳುತ್ತಿತ್ತು. ಮಾತು ಅರ್ಧ ಹಿಂದಿ, ಅರ್ಧ ಇಂಗ್ಲಿಷು. ಹಿಂದಿ ನನಗೆ ಚೆನ್ನಾಗಿ ಬರುತ್ತದೆ. ಘಾಟ್ಕೋಪರದ ಚಾಳಿನಲ್ಲಿ ನಲ್ಲಿಯ ಸಾಲಿನಲ್ಲಿ ನಿಂತು ಕಲಿತದ್ದು.

ಅವನು ಹೇಳಿದ್ದು ಜಾಗದ ವಿಷಯ. ಒಂದೊಂದು ಮೆಷಿನಿನಲ್ಲಿ ಉಳಿಯುವ ಜಾಗ ಸ್ವಲ್ಪವೇ ಇರಬಹುದು, ಎಲ್ಲವನ್ನೂ ಕೂಡಿಸಿದರೆ ಎಷ್ಟು ಬಾಡಿಗೆ ಬರುತ್ತದೆ ನೋಡಿ ಎಂದ. ನಿಮ್ಮದೇ ಪರೀಕ್ಷೆ, ನಿಮ್ಮದೇ ನಿಯಮ, ಈಗ ನೀವೇ ತೆಗೆಯುವುದು ಬೇಡ ಎನ್ನುತ್ತೀರಲ್ಲ ಎಂದೂ ಕೆಣಕಿದ. ಆಗ ನಿಮ್ಮ ಅಮ್ಮ ಹೇಳಿದಳು:

"ಸರ್, ನನ್ನ ಅಪ್ಪ ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಭಟ್ಟಿಯ ಪಕ್ಕ ಗೋಡೆಗೆ, ಬೆಂಕಿ ಹತ್ತಿದರೆ ಎರಚಲು, ಮರಳು ತುಂಬಿದ ಕೆಂಪು ಬಕೆಟ್ ತೂಗುಹಾಕಿತ್ತು. ನಾನು ಕಂಡ ಹಾಗೆ ಅದನ್ನು ಯಾರೂ ಒಂದು ದಿನವೂ ಮುಟ್ಟಲಿಲ್ಲ. ಹಾಗಂತ ಅಪ್ಪ ಅದನ್ನು ಇಳಿಸಲೂ ಬಿಡಲಿಲ್ಲ."

ಆ ಬಕೆಟ್ ನನಗೂ ಗೊತ್ತು. ಇವಳು ಶಾಲೆ ಬಿಟ್ಟು ಅಲ್ಲಿಗೇ ಹೋಗಿ, ಅದರ ಕೆಳಗೆ ಮಣೆ ಹಾಕಿಕೊಂಡು ಹೋಮ್‌ವರ್ಕ್ ಮಾಡುತ್ತಿದ್ದಳು. ಅಜ್ಜ ದೋಸೆಕಲ್ಲಿನಿಂದಲೇ ಸಟ್ಟುಗದಲ್ಲಿ ಅದನ್ನು ತೋರಿಸಿ, "ತಲೆ ತಾಗಿಸಿಕೊಳ್ಳಬೇಡ ಮಗಾ" ಎನ್ನುತ್ತಿದ್ದರು. ಗಿರಾಕಿ ಜಾಸ್ತಿಯಾದಾಗ ಅದನ್ನು ಇಳಿಸಿ ಅಲ್ಲಿ ಈರುಳ್ಳಿ ಮೂಟೆ ಇಡಬಹುದು ಎಂದು ಹೋಟೆಲಿನ ಧನಿಗಳು ಎಷ್ಟೋ ಸಲ ಹೇಳಿದ್ದರು. ಅಜ್ಜ ಹೂಂ ಎನ್ನುತ್ತಿದ್ದರು, ಇಳಿಸುತ್ತಿರಲಿಲ್ಲ. ಅಷ್ಟೇ ಅವರ ಧೈರ್ಯ.

ಸಾಹೇಬ ನಕ್ಕ. ಜೋರಾಗಿ ಅಲ್ಲ, ಮೂಗಿನಲ್ಲಿ. ಆಮೇಲೆ ಹೇಳಿದ: "ಮೇಡಂ, ನಾವು ಇಲ್ಲಿ ಉಡುಪಿ ಹೋಟೆಲ್ ನಡೆಸುತ್ತಾ ಇಲ್ಲ."

ಕಾಲ್‌ನಲ್ಲಿದ್ದ ಇನ್ಯಾರೋ ಕೂಡ ನಕ್ಕರು. ನಿಮ್ಮ ಅಮ್ಮನ ಕಿವಿ ಕೆಂಪಾಗಿದ್ದನ್ನು ನಾನು ಕಂಡೆ. ನೀವು ಹೇಳಿದರೆ ತೆಗೆಯುತ್ತೇನೆ ಸರ್ ಎಂದಳು. ಅವನು ತೆಗೆಯಿರಿ ಎಂದ. ಅಲ್ಲಿಗೆ ಕಾಲ್ ಮುಗಿಯಿತು. ಅವಳು ತೆಗೆದಳು. ತೆಗೆದವರ ಹೆಸರು ಅದರಲ್ಲಿ ತಾನಾಗಿಯೇ ಬರೆದುಕೊಳ್ಳುತ್ತದೆಯಂತೆ. ತೆಗೆಯಿರಿ ಎಂದವರ ಹೆಸರು ಬರೆದುಕೊಳ್ಳುವುದಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ, ನಿಮಗೆ ನಾನು ಡಬ್ಬ ಕಟ್ಟುತ್ತಿದ್ದಾಗ, ಅವಳ ಫೋನು ಹೊಡೆದುಕೊಳ್ಳಲು ಶುರುವಾಯಿತು. ಸರ್ವರುಗಳು ಬೀಳುತ್ತಿದ್ದವು. ಬೀಳುತ್ತವೆ, ತಾವಾಗಿಯೇ ಏಳುತ್ತವೆ, ಏನೂ ಆಗಿಲ್ಲ ಎಂಬಂತೆ ಕೆಲಸ ಮಾಡುತ್ತವೆ, ಮತ್ತೆ ಬೀಳುತ್ತವೆ. ಎದ್ದ ಮೇಲೆ ಅವುಗಳಿಗೆ ಹಿಂದಿನದೇನೂ ನೆನಪಿಲ್ಲ. ಯಾಕೆ ಬಿತ್ತು ಎಂದು ನೋಡಲು ಒಂದು ಸಾಲೂ ಉಳಿದಿಲ್ಲ. ಒಂದು ಆಸ್ಪತ್ರೆಯ ಕೌಂಟರು ನಿಂತಿತು, ಬಾಗಿಲ ತನಕ ರೋಗಿಗಳ ಸಾಲು ಬೆಳೆಯಿತು ಎಂದು ಅವಳೇ ಹೇಳಿದಳು. ಅವಳು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಊಹೆಯ ಮೇಲೆ ಊಹೆ ಮಾಡುತ್ತಿದ್ದಳು. ಮರುದಿನವೂ ಅದೇ, ಅದರ ಮರುದಿನವೂ ಅದೇ.

ಆಮೇಲೆ ಮೀಟಿಂಗು. ಆ ಭಾಗವನ್ನು ತೆಗೆದವರು ಯಾರು ಎಂದು ಮೇಲಿನವರು ಕೇಳಿದರು. ಹೆಸರು ಅಲ್ಲೇ ಇತ್ತು. ನಾನು ತೆಗೆಯುವುದು ಬೇಡ ಎಂದಿದ್ದೆ ಎಂದು ಇವಳು ಹೇಳಿದಳು. ಎಲ್ಲಿ ಬರೆದಿದ್ದೀರಿ ಎಂದರು. ಬರೆದಿರಲಿಲ್ಲ. ಸಾಹೇಬ ತನಗೆ ಅಂಥ ಮಾತು ನೆನಪಿಲ್ಲ, ಪರೀಕ್ಷೆ ಮಾಡಿದವರನ್ನು ನಂಬಿ ಒಪ್ಪಿಗೆ ಕೊಟ್ಟೆ ಎಂದನಂತೆ. ನಕ್ಕಿದ್ದ ಇನ್ನೊಬ್ಬರಿಗೂ ನೆನಪಿರಲಿಲ್ಲ.

ನನಗೆ ನೆನಪಿತ್ತು. ಆದರೆ ಮೇಜಿನ ತುದಿಯಲ್ಲಿ ಸಿಗಡಿ ಚಿವುಟುತ್ತಿದ್ದ ಮುದುಕಿಯನ್ನು ಯಾವ ಮೀಟಿಂಗಿಗೆ ಯಾರು ಕರೆಯುತ್ತಾರೆ?

ಬೈದು ಕಳಿಸಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ತುಂಬ ಮರ್ಯಾದೆಯಿಂದ, ನೀವಾಗಿಯೇ ಬಿಟ್ಟರೆ ನಿಮಗೇ ಚೆನ್ನ ಎಂದರು. ಕೊರಿಯರಿನವನು ಬಂದು ಲ್ಯಾಪ್‌ಟಾಪನ್ನು ತೆಗೆದುಕೊಂಡು ಹೋದ. ಆ ದಿನ ಊಟದ ಮೇಜಿನ ತುಂಬ ಜಾಗ. ನೀವಿಬ್ಬರೂ ಖುಷಿಯಿಂದ ಕ್ಯಾರಂ ಬೋರ್ಡು ತಂದಿಟ್ಟಿರಿ, ನೆನಪಿದೆಯಾ? ಅಮ್ಮನೂ ಆಡಿದಳು. ಚೆನ್ನಾಗಿಯೇ ಆಡಿದಳು.

ಇಷ್ಟೇ ಆಗಿದ್ದರೆ ನಾನು ಬಹುಶಃ ಬರೆಯುತ್ತಿರಲಿಲ್ಲ. ಮೆಷಿನುಗಳು ಮಾತ್ರ ಬೀಳುವುದನ್ನು ಬಿಡಲಿಲ್ಲ. ಸ್ವಲ್ಪ ದಿನದ ಮೇಲೆ ಒಂದು ಸಂಜೆ ಅವಳು ಚಪಾತಿ ಹಿಟ್ಟು ನಾದುತ್ತಿದ್ದಳು. ಫೋನ್ ಬಂತು. ಕೈತುಂಬ ಹಿಟ್ಟಿದ್ದರಿಂದ ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದಳು. ಸಾಹೇಬ. ಮಕ್ಕಳು ಹೇಗಿದ್ದಾರೆ, ಮಲಾಡಿನಲ್ಲಿ ನೀರು ನಿಂತಿದೆಯಾ ಎಂದೆಲ್ಲ ಕೇಳಿದ. ತೆಗೆದ ಭಾಗವನ್ನು ಮತ್ತೆ ಹಾಕಬೇಕು, ಹಾಕಿದರೆ ಏಳುತ್ತಿಲ್ಲ, ಜೊತೆಗೆ ಇನ್ನೇನೋ ಹೋಗಿರಬೇಕು, ನಿಮ್ಮಷ್ಟು ಇದು ಬೇರೆಯವರಿಗೆ ಗೊತ್ತಿಲ್ಲ ಎಂದ. ಮತ್ತೆ ಹೇಳಿದ:

"ಅದೇ ಮೇಡಂ, ನಿಮ್ಮ ಅಪ್ಪನ ಬಕೆಟ್. ಅದನ್ನು ಮತ್ತೆ ತೂಗುಹಾಕಬೇಕಾಗಿದೆ."

ಹೇಳಿ ನಕ್ಕ, ಅದೇ ಮೂಗಿನ ನಗು.

ನಿಮ್ಮ ಅಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. ಈಗ ಹೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ನಾನು ಕಾದೆ. ಸರ್, ನಿಮಗೆ ನೆನಪಿದೆಯಲ್ಲ ಎಂದು ಒಂದು ಮಾತು. ಅವಳು ಕೇಳಲಿಲ್ಲ. ಕೈ ತೊಳೆದು ಬಂದು ಕೂತು, ಯಾವುದನ್ನು ಮೊದಲು ಹಾಕಬೇಕು, ಯಾವುದರ ಜೊತೆ ಯಾವುದು ಹೋಗಿದೆ, ಎಷ್ಟು ಜಾಗ ಬಿಡಬೇಕು ಎಂದು ಒಂದೊಂದಾಗಿ ಹೇಳಿಕೊಟ್ಟಳು. ಹಿಟ್ಟು ಒಣಗಿ ಸಿಪ್ಪೆ ಕಟ್ಟಿತು. ಕೊನೆಗೆ ಅವನು ಥ್ಯಾಂಕ್ಸ್ ಎಂದ.

ಅವಳು ಫೋನಿಟ್ಟ ಮೇಲೆ ನಾನು ಕೇಳಿದೆ, ಯಾಕೆ ಹೇಳಿಕೊಟ್ಟೆ ಎಂದು. ನನ್ನ ದನಿ ನನಗೇ ಹೊಸದಾಗಿತ್ತು.

"ಅಲ್ಲಿ ಆಸ್ಪತ್ರೆಯವರ ಕೌಂಟರು ನಿಲ್ಲುತ್ತಾ ಇದೆ ಅಮ್ಮಾ," ಎಂದಳು. "ಅವರ ಜೊತೆ ನನಗೇನು ಜಗಳ?"

"ಇವನ ಜೊತೆ?"

"ಬಿಡಮ್ಮಾ." ಮತ್ತೆ ನೀರು ಚಿಮುಕಿಸಿ ಹಿಟ್ಟು ನಾದತೊಡಗಿದಳು.

ಆ ಪುಟ್ಟ ಕರ್ನೆಲ್ ಮತ್ತೆ ಕೂತ ಮೇಲೆ ಮುಂದಿನ ಸಲ ಮೆಷಿನು ಬಿದ್ದಾಗ ಎಲ್ಲ ಬರೆದುಕೊಂಡಿತು. ತಪ್ಪು ಹೊಸದಾಗಿ ತಂದು ಹಾಕಿದ ಯಾವುದೋ ನೆಟ್‌ವರ್ಕ್ ಕಾರ್ಡಿನದು, ಇವಳು ಮುಟ್ಟಿದ್ದೇ ಅಲ್ಲ. ಅವಳ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ಫೋನು ಮಾಡಿ ಹೇಳಿದಳು. ಕಂಪನಿಯಿಂದ ಯಾರೂ ಹೇಳಲಿಲ್ಲ. ವಾಪಸ್ ಬನ್ನಿ ಎಂದೂ ಹೇಳಲಿಲ್ಲ. ಸಾಹೇಬ ಅಲ್ಲೇ ಇದ್ದಾನೆ. ಹೊಸ ಕೆಲಸಕ್ಕೆಂದು ಇವಳು ಹೋದಲ್ಲೆಲ್ಲ ಹಳೆಯ ಕಂಪನಿಯನ್ನು ವಿಚಾರಿಸುತ್ತಾರೆ. ಆಮೇಲೆ ಫೋನು ಬರುವುದಿಲ್ಲ. ಈ ಊರಿನಲ್ಲಿ ಇಂಥ ಕೆಲಸ ಮಾಡುವವರು ಸ್ವಲ್ಪವೇ ಜನ, ಒಬ್ಬರಿಗೊಬ್ಬರು ಗೊತ್ತು. ನಿಮ್ಮ ಅತ್ತೆಯ ಕಿವಿಗೂ ಸುದ್ದಿ ಹಾಗೆಯೇ ಬಿದ್ದದ್ದು.

ಅಮ್ಮ ಬಿಟ್ಟಿದ್ದಾಳೆ. ನಾನು ಬಿಟ್ಟಿಲ್ಲ. ಅವನಿಗೆ ಬಕೆಟ್ ನೆನಪಿತ್ತು. ಬಕೆಟ್ ನೆನಪಿದ್ದವನಿಗೆ ಅದನ್ನು ಹೇಳಿದವಳೂ ನೆನಪಿದ್ದಳು, ಹೇಳಿದ ದಿನವೂ ನೆನಪಿತ್ತು. ಮೀಟಿಂಗಿನಲ್ಲಿ ಮಾತ್ರ ಮರೆತಿದ್ದ.

ಚಿಕ್ಕವಳೇ, ನೀನು ಮೆಟ್ರೋದಲ್ಲಿ ಕೇಳಿದ್ದಕ್ಕೆ ಉತ್ತರ ಇದು. ನಿನ್ನ ಅಮ್ಮ ತೆಗೆಯುವುದು ಬೇಡ ಎಂದು ಹೇಳಿದ್ದಳು. ನಮ್ಮ ಊಟದ ಮೇಜಿನಲ್ಲಿ, ಹಗಲು ಹೊತ್ತಿನಲ್ಲಿ, ಬಾಯಿಬಿಟ್ಟು ಹೇಳಿದ್ದಳು. ನಾನು ಪಕ್ಕದಲ್ಲೇ ಇದ್ದೆ.