ದೇವರ ಗಡಿಗೆಯ ಹಿಡಿ ಜೋಳ

ಒಣಗಿದ ಬೇವಿನೆಲೆಯ ವಾಸನೆ ಮೂಗಿಗೆ ಬಿದ್ದರೆ ಇಂದಿಗೂ ನನ್ನ ಬಲಗೈ ತಾನಾಗಿ ಮುಷ್ಟಿಯಾಗುತ್ತದೆ. ಮೊನ್ನೆಯೂ ಹಾಗೇ ಆಯಿತು. ಹುಳ ಬೀಳದಿರಲೆಂದು ಜೋಳದ ಡಬ್ಬಿಗೆ ಬೇವಿನ ಸೊಪ್ಪು ಹಾಕಿ ಮರೆತಿದ್ದೆ. ಮುಚ್ಚಳ ತೆಗೆದದ್ದೇ ತಡ, ಆ ಕಹಿ ಗಂಧದ ಹಿಂದೆ ಹಿರಿಯೂರಿನ ನಮ್ಮ ಮಣ್ಣಿನ ಮನೆ ಇಡಿಯಾಗಿ ಎದ್ದು ಬಂತು. ತಲೆ ಬಗ್ಗಿಸಿ ದಾಟಬೇಕಾದ ಬಾಗಿಲು, ಒಳಗೆ ಕಾಲಿಟ್ಟರೆ ಬೀಸುವ ಕಲ್ಲು, ಅದರ ಪಕ್ಕ ಗೋಡೆಗೆ ಒರಗಿದ ಜೋಳದ ಪುಟ್ಟಿ, ಪುಟ್ಟಿಯ ಮಗ್ಗುಲಲ್ಲಿ ಮಣ್ಣಿನ ಮುಚ್ಚಳ ಹೊದ್ದು ಕೂತ ದೇವರ ಗಡಿಗೆ.

ನಮ್ಮಪ್ಪ ಉಪದೇಶಿ. ಹರಿಯಬ್ಬೆ ಕಡೆಯ ಹಳ್ಳಿಗಳಿಗೆಲ್ಲ ನಡೆದು ಹೋಗಿ ಯೇಸುವಿನ ಮಾತು ಹೇಳಿ, ವಾರಕ್ಕೋ ಹತ್ತು ದಿನಕ್ಕೋ ಮನೆಗೆ ಬರುತ್ತಿದ್ದರು. ಮನೆಯೊಳಗಿನ ಉಪದೇಶವೆಲ್ಲ ಅವ್ವನದು, ಅದೂ ಬೀಸುವ ಕಲ್ಲಿನ ಮುಂದೆ. ದಿನಾ ಬೆಳಿಗ್ಗೆ ಕಲ್ಲಿಗೆ ಜೋಳ ಸುರಿಯುವ ಮೊದಲು ನನ್ನನ್ನೂ ತಮ್ಮ ದಾನಿಯನ್ನೂ ಕರೆದು ಪುಟ್ಟಿಯಿಂದ ಒಂದೊಂದು ಹಿಡಿ ತೆಗೆಸಿ ಗಡಿಗೆಗೆ ಹಾಕಿಸುತ್ತಿದ್ದಳು. ಹಾಕುವಾಗ ದೇವರು ಕೊಟ್ಟದ್ದರಲ್ಲಿ ಯಾವುದಾದರೂ ಒಂದನ್ನು ನೆನೆದು ಸ್ತೋತ್ರ ಹೇಳಬೇಕು. ಸುಮ್ಮನೆ ಹಾಕಿದರೆ, “ಕೈ ಕೊಡ್ತು, ಬಾಯೇನು ಮೂಕಾಗೈತಾ?” ಎನ್ನುವಳು. ಕೋಳಿ ಮೊಟ್ಟೆ ಇಟ್ಟದ್ದಕ್ಕೆ, ಕಜ್ಜಿ ವಾಸಿಯಾದದ್ದಕ್ಕೆ, ಅಪ್ಪ ಹೊಳೆ ದಾಟಿ ಸುಖವಾಗಿ ಬಂದದ್ದಕ್ಕೆ, ಹೀಗೆ ನಮ್ಮ ಸ್ತೋತ್ರಗಳು. ದಾನಿ ಒಂದು ದಿನ ಕಣ್ಣು ಮುಚ್ಚಿಕೊಂಡು, “ಅಕ್ಕನ ಜಡೆ ಎಳೆದೆ, ಏಟು ಬೀಳಲಿಲ್ಲ, ಸ್ತೋತ್ರ” ಎಂದುಬಿಟ್ಟ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಗಡಿಗೆಯಲ್ಲಿ ಎಷ್ಟಾಯಿತೆಂದು ಇಣುಕುವಂತಿರಲಿಲ್ಲ. ಅದು ಅವ್ವನ ಕಟ್ಟುಪಾಡು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಆ ಜೋಳ ಕೇರಿಯಲ್ಲಿ ಒಲೆ ಹೊತ್ತದ ಯಾವುದಾದರೂ ಮನೆ ಸೇರುತ್ತಿತ್ತು. ಅವರು ಯಾವ ದೇವರಿಗೆ ಕೈಮುಗಿಯುತ್ತಾರೆಂದು ಅವ್ವ ಕೇಳಿದವಳಲ್ಲ. “ಕೊಟ್ಟು ಬಂದೆ ಅನ್ಬ್ಯಾಡ ಕೃಪಾ, ಮುಟ್ಟಿಸಿ ಬಂದೆ ಅನ್ನು. ನಮ್ದೇನೈತೆ ಅದ್ರಾಗೆ?”

ನನಗೆ ಎಂಟೋ ಒಂಬತ್ತೋ ಇದ್ದ ವರ್ಷ ಅಪ್ಪ ಜ್ವರ ಬಂದು ಮಲಗಿದರು. ಹಳ್ಳಿಗಳಿಂದ ಬರುತ್ತಿದ್ದ ಕಾಳು ನಿಂತಿತು. ಪುಟ್ಟಿ ತಳ ಕಂಡಿತು. ಅವ್ವ ನಮಗೆ ರೊಟ್ಟಿ ಬಡಿದು ಹಾಕಿ ತಾನು ಅಂಬಲಿ ಕುಡಿದು ಏಳುತ್ತಿದ್ದಳು. ಆದರೂ ಬೆಳಗಿನ ಹಿಡಿ ತಪ್ಪಲಿಲ್ಲ. ಹಿತ್ತಿಲ ಮೊರದಲ್ಲಿ ನುಸಿ ಹಿಡಿದ ಹಳೆಯ ಜೋಳವನ್ನು ಕೋಳಿಗೆಂದು ತೆಗೆದಿಟ್ಟಿದ್ದಳು. ಅದನ್ನು ನೋಡಿದಾಗ ನನಗೊಂದು ಯೋಚನೆ ಹೊಳೆಯಿತು. ದೇವರೇನು ರೊಟ್ಟಿ ಕಡಿದು ತಿನ್ನುತ್ತಾನೆಯೇ? ಮೊರದಿಂದ ಒಂದು ಹಿಡಿ ಮೊದಲೇ ಮುಚ್ಚಿಕೊಂಡು ಬಂದೆ. ಮುಷ್ಟಿ ಬಿಚ್ಚದೆ ಪುಟ್ಟಿಯೊಳಗೆ ಅದ್ದಿ ತೆಗೆದು ಗಡಿಗೆಗೆ ಸುರಿದೆ. ಒಂದು ದಿನವಲ್ಲ, ಆರು ದಿನ. ಸ್ತೋತ್ರವನ್ನು ಮಾತ್ರ ಎಂದಿಗಿಂತ ಗಟ್ಟಿಯಾಗಿ ಹೇಳಿದೆ.

ಆ ಭಾನುವಾರ ಅವ್ವ ಗಡಿಗೆಯನ್ನು ನನ್ನ ಸೊಂಟಕ್ಕೆ ಏರಿಸಿ, “ಪಿಂಜಾರರ ಅಜ್ಜಿಗೆ ಮುಟ್ಟಿಸಿ ಬಾ” ಎಂದಳು. ಅಜ್ಜಿಯ ಹೆಸರು ಫಾತಿಮಾಬಿ. ಅರಳೆ ಹಿಂಜುತ್ತಿದ್ದ ಗಂಡ ತೀರಿಹೋಗಿ, ಕಣ್ಣಿಗೆ ಪೊರೆ ಬಂದು, ಕೇರಿಯ ಕೊನೆಯ ಒಂದಂಕಣದ ಮನೆಯಲ್ಲಿ ಒಬ್ಬಳೇ ಇದ್ದಳು. ನಾನು ಹೋದರೆ ಕಾಲ ಸಪ್ಪಳದಲ್ಲೇ ಗುರುತು ಹಿಡಿದು, “ಉಪದೇಶೇರ ಮಗಳಾ? ಬಾರವ್ವ” ಎನ್ನುವಳು. ಕಾಣದಲ್ಲ, ತಿಳಿಯಲಾರದು ಎಂದು ದಾರಿಯುದ್ದಕ್ಕೂ ಧೈರ್ಯ ಹೇಳಿಕೊಂಡೆ. ಅಜ್ಜಿ ಗಡಿಗೆಯನ್ನು ಮೊರಕ್ಕೆ ಬೋರಲು ಹಾಕಿ ಬೆರಳಾಡಿಸಿದಳು. ಬೆರಳು ನಿಂತವು. ಒಂದು ಕಾಳೆತ್ತಿ ಹಿಸುಕಿದಳು, ಅದು ಪುಡಿಯಾಯಿತು.

“ಯಾರವ್ವ ಹಿಡಿ ಹಾಕಿದ್ದು?”

“ನಾನು, ನಮ್ಮ ದಾನಿ.”

“ಅದಕ್ಕೇ. ಸಣ್ಣ ಕೈ,” ಎಂದಳು. ಬಾಗಿಲಲ್ಲಿ ಕೂತು ನಿಧಾನವಾಗಿ ಕೇರಿದಳು. ಹೊಟ್ಟು, ಹುಳು ಎಲ್ಲ ಹಾರಿ, ತಮ್ಮನ ಹಿಡಿಗಳಷ್ಟೇ ಮೊರದಲ್ಲಿ ಉಳಿದವು. ಎದ್ದು ಹೊರಟ ನನ್ನನ್ನು, “ಕುಂತ್ಕಳವ್ವ, ತಂದೋರು ಹಸ್ಕಂಡು ಹೋಗಬಾರ್ದು” ಎಂದು ತಡೆದಳು. ಬೀಸಿ, ತಟ್ಟಿ, ಬೇಯಿಸಿದ್ದು ಒಂದೇ ರೊಟ್ಟಿ. ಅದನ್ನು ಮುರಿದು, ಎರಡು ಚೂರನ್ನೂ ಅಂಗೈಯಲ್ಲಿ ತೂಗಿ, ದೊಡ್ಡದನ್ನು ನನಗೆ ಕೊಟ್ಟಳು. ಆಮೇಲೆ ಎರಡೂ ಕೈ ಮೇಲೆತ್ತಿ, “ಅಲ್ಲಾ, ಹಿಡಿ ಹಾಕಿದ ಕೈ ತಂಪಾಗಿಡಪ್ಪ” ಎಂದು ಬೇಡಿಕೊಂಡಳು. ನಾನು ಅದನ್ನು ಬಾಯಿಗಿಡದೆ, ಬರಿದಾದ ಗಡಿಗೆ ಎತ್ತಿಕೊಂಡು ಎದ್ದೆ.

ರೊಟ್ಟಿಯನ್ನು ಕೈಯಲ್ಲೇ ಹಿಡಿದು ಓಡಿ ಬಂದು ಅವ್ವನ ಮುಂದೆ ಎಲ್ಲ ಹೇಳಿ ಅತ್ತೆ. ಬೆನ್ನಿಗೆ ಏಟು ಬೀಳುತ್ತದೆಂದು ಕಾದೆ. ಅವ್ವ ಬರಿದಾದ ಗಡಿಗೆಯನ್ನು ಪುಟ್ಟಿಯ ಮುಂದಿಟ್ಟಳು. “ನಿನ್ನ ಕೈಲೇ ಹಾಕು. ಆರು ಹಿಡಿ.” ನಾಲ್ಕನೆಯದಕ್ಕೇ ನನ್ನ ಉಗುರು ಪುಟ್ಟಿಯ ತಳ ಕೆರೆಯಿತು. ಆರೂ ಮುಗಿದಾಗ ಪುಟ್ಟಿಯಲ್ಲಿ ಒಣ ಬೇವಿನೆಲೆ ಮಾತ್ರ ಇತ್ತು. “ಅಜ್ಜಿಗೆ ಏನು ಹೇಳ್ಲಿ?” ಎಂದೆ. “ನೀನೇನೂ ಹೇಳಬ್ಯಾಡ. ಆಕಿ ಹೇಳಿದ್ದು ಕೇಳ್ಕಂಡು ಬಾ.”

ಅಜ್ಜಿ ಮತ್ತೆ ಬೆರಳಾಡಿಸಿದಳು. ಈ ಸಲ ಕಾಳುಗಳು ಗಲಗಲ ಎಂದವು. ಅವಳ ಬೊಚ್ಚುಬಾಯಿ ಅಗಲವಾಯಿತು. “ಮಧ್ಯಾಹ್ನ ಸಣ್ಣದಿತ್ತಲ್ಲೇ ನಿನ್ ಕೈ! ಸಂಜಿಯೊಳಗೆ ಇಷ್ಟು ದೊಡ್ಡದಾತಾ?” ಎಂದು ನನ್ನ ಅಂಗೈ ಬಿಡಿಸಿ ಸವರಿದಳು. ಅಂದು ರಾತ್ರಿ ನಮ್ಮ ಮನೆಯಲ್ಲಿ ಎಲ್ಲರಿಗೂ ಅಂಬಲಿ, ಅದೂ ನೀರು ನೀರು. ಅವ್ವ ಆ ಅರ್ಧ ರೊಟ್ಟಿಯನ್ನು ಐದು ಚೂರು ಮಾಡಿ, ಮಲಗಿದ್ದ ಅಪ್ಪನಿಗೆ ಒಂದು, ದಾನಿಗೊಂದು, ನನಗೆ ಎರಡು ಕೊಟ್ಟು, ತಾನೂ ಒಂದನ್ನು ಕಣ್ಣಿಗೊತ್ತಿಕೊಂಡು ತಿಂದಳು. ಯಾಕೆ ನನಗೆ ಎರಡು ಎಂದು ದಾನಿ ಜಗಳ ತೆಗೆದ. ಅವ್ವ ಹೇಳಲಿಲ್ಲ, ನನಗೆ ಇಂದಿಗೂ ಗೊತ್ತಿಲ್ಲ.

ಆ ಮನೆಯ ಗೋಡೆಗಳು ಕರಗಿ ದಿಬ್ಬವಾಗಿವೆ. ಅಜ್ಜಿ ಮರುವರ್ಷವೇ ಹೋದಳು. ಅಪ್ಪ, ಅವ್ವ, ಕೊನೆಗೆ ದಾನಿ, ಒಬ್ಬೊಬ್ಬರಾಗಿ ಹೊಳೆಯಾಚೆಯ ಸಮಾಧಿ ತೋಟ ಸೇರಿದರು. ಗಡಿಗೆಯೊಂದು ನನ್ನ ಬಳಿ ಉಳಿದಿದೆ, ಕಂಠದಲ್ಲಿ ಸಣ್ಣ ಸೀಳು ಬಿಟ್ಟು. ದಿನಾ ಬೆಳಿಗ್ಗೆ ಒಂದು ಹಿಡಿ ಹಾಕುತ್ತೇನೆ, ಬೆರಳು ಬಿಚ್ಚಿ, ಕಾಳು ಬೀಳುವುದನ್ನು ನೋಡುತ್ತಾ. ಬಾಯಿ ಮೂಕಾಗಬಾರದಲ್ಲ, ಯಾವುದಕ್ಕೆ ಸ್ತೋತ್ರ ಹೇಳಲಿ ಎಂದು ಹುಡುಕುತ್ತೇನೆ. ದೇವರು ಕೊಟ್ಟದ್ದು ಬೇಕಾದಷ್ಟಿದೆ. ಆದರೂ ಮೊದಲು ನಾಲಿಗೆಗೆ ಬರುವುದು ಆ ಅರ್ಧ ರೊಟ್ಟಿಯೇ.