ಅಪ್ಪನ ಫ್ರೀವೀಲು

ಅಪ್ಪ ತೀರಿಕೊಂಡ ಮೇಲೆ ಅವರ ಸೈಕಲ್ಲನ್ನು ಗುಜರಿಗೆ ಹಾಕಲು ಬಿಡದೆ ಹಟ ಹಿಡಿದವಳು ನಾನೇ. ಏಳು ವರ್ಷದಿಂದ ಅದರಲ್ಲೇ ಹಲಸೂರಿನಿಂದ ಇಂದಿರಾನಗರಕ್ಕೆ ಕೆಲಸಕ್ಕೆ ಹೋಗಿಬರುತ್ತಿದ್ದೇನೆ. ಐವತ್ತು ದಾಟಿದ ಹೆಂಗಸು ಗಂಡಸರ ಸೈಕಲ್ ತುಳಿಯುವುದನ್ನು ನೋಡಿ ಸಿಗ್ನಲ್ಲಿನಲ್ಲಿ ನಗುವವರು ನಗುತ್ತಾರೆ. ನಕ್ಕರೆ ನಗಲಿ, ಅವರಪ್ಪನ ಗಂಟೇನು ಹೋಯಿತು!

ನಮ್ಮ ಬೀದಿ ಇಳಿಜಾರು. ತಿರುವಿನಲ್ಲಿ ಪೆಡಲ್ ಬಿಟ್ಟರೆ ಹಿಂದಿನ ಚಕ್ರದ ಫ್ರೀವೀಲು ಮನೆಯ ತನಕ ಕಟಕಟ ಎನ್ನುತ್ತ ಬರುತ್ತಿತ್ತು. ಬೇರೆ ಸೈಕಲ್ಲುಗಳಂತೆ ಒಂದೇ ಸಮ ಅಲ್ಲ. ಮೂರು ಸಲ ಕಟಕಟಿಸಿ, ಒಂದು ಸಲ ಸುಮ್ಮನಿದ್ದು, ಮತ್ತೆ ಮೂರು ಸಲ. ಅಪ್ಪನ ಕಾಲದಿಂದಲೂ ಹಾಗೇ. ಅಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿವೆ. ಆದರೆ ಆ ಸದ್ದು ಕಿವಿಗೆ ಬಿದ್ದರೆ ಸಾಕು, ನಾನು ಇಳಿಯುವುದರೊಳಗೆ ಒಳಗಿನಿಂದ ಚಿಲಕ ತೆಗೆಯುತ್ತಿದ್ದಳು. ಒಂದು ದಿನವೂ ನಾನು ಬೆಲ್ ಒತ್ತಿದವಳಲ್ಲ. ಮದುವೆ, ಮಕ್ಕಳು ಇಲ್ಲದ ನನಗೆ ಅಷ್ಟು ಸಾಕಾಗಿತ್ತು.

ಕಳೆದ ವರ್ಷ ಫ್ರೀವೀಲು ಕೈಕೊಟ್ಟಿತು. ಪೆಡಲ್ ತುಳಿದರೆ ಬರಿ ಗಾಳಿ ತುಳಿದ ಹಾಗೆ. ಇಂದಿರಾನಗರದ ಗೇರ್ ಸೈಕಲ್ ಅಂಗಡಿಯವನು ನೋಡಿ, “ಮೇಡಂ, ಇದು ಮ್ಯೂಸಿಯಂ ಪೀಸು” ಅಂದ. “ನಿನ್ನ ಅಂಗಡಿ ಮ್ಯೂಸಿಯಂ ಸೇರೋ ತನಕ ಓಡತ್ತೆ ಬಿಡಪ್ಪ” ಅಂದು ಶಿವಾಜಿನಗರಕ್ಕೆ ತಳ್ಳಿಕೊಂಡು ಹೋದೆ.

ಅಲ್ಲಿನ ಮುದುಕ ಮೆಕ್ಯಾನಿಕ್ ಅಪ್ಪನ ಕಾಲದವರು. ಹೊಸ ಫ್ರೀವೀಲು ಹಾಕಿದರು, ಹಳೆಯ ಚೈನು ಅದರ ಮೇಲೆ ಕೂರಲಿಲ್ಲ. ಚೈನು ಬದಲಾಯಿಸಿದರು, ಸವೆದ ಮುಂದಿನ ಹಲ್ಲುಚಕ್ರ ಅದನ್ನು ಉಗುಳಿತು. ಅದಕ್ಕೆ ಸರಿಹೊಂದುವುದು ಸಿಗಲು ಮೂರು ವಾರ. ಮೂರೂ ವಾರ ಬಸ್ಸಿನಲ್ಲಿ ನೇತಾಡಿ, ಬಾಗಿಲು ತೆಗೆಯಲು ಪಕ್ಕದ ಮನೆಯವರನ್ನು ಕಾಡಿ, ನನ್ನ ತಲೆ ಕೆಟ್ಟು ಕೆರ ಹಿಡಿದಿತ್ತು. “ಹಳೇದನ್ನೇ ರಿಪೇರಿ ಮಾಡಿ ನೋಡ್ಲಾ ಅಕ್ಕಾ?” ಎಂದವರಿಗೆ, “ಏನೂ ಬೇಡ, ಎಲ್ಲಾ ಹೊಸದೇ ಹಾಕಿ ಕೊಟ್ಬಿಡಿ” ಎಂದು ರೇಗಿದೆ. ಕಳಚಿದ ಹಳೆಯ ಸಾಮಾನು ಅಂಗಡಿಗೇ ಬಿಡುವುದು ಅಲ್ಲಿನ ಪದ್ಧತಿ. ವಾಪಸ್ ಕೇಳಿದರೆ ನಂಬಿಕೆ ಇಲ್ಲ ಅಂದ ಹಾಗಾಗುತ್ತದೆ. ನಾನೂ ಕೇಳಲಿಲ್ಲ.

ಸೈಕಲ್ ಮನೆಗೆ ತಂದ ಸಂಜೆ ಹೊಸ ಫ್ರೀವೀಲು ಒಂದೇ ಸಮ ಸದ್ದು ಮಾಡಿತು, ಬಾಗಿಲು ತೆರೆಯಲಿಲ್ಲ. ಬೆಲ್ ಒತ್ತಿದೆ.

“ಯಾರು?”

“ನಾನಮ್ಮ.”

“ನಾನು ಅಂದ್ರೆ?”

ಹೆಸರು ಹೇಳಿದೆ. ಚಿಲಕ ತೆಗೆಯಲು ಬಹಳ ಹೊತ್ತು ಹಿಡಿಯಿತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಹೆತ್ತ ತಾಯಿ ದಿನಾ ಯಾರು ಅಂತ ಕೇಳಿದರೆ ಹೊಟ್ಟೆಗೆ ಬೆಂಕಿ ಬೀಳುತ್ತದೆ.

ಒಂದು ಸಂಜೆ ಬಂದಾಗ ಬಾಗಿಲು ಹಾರುಹೊಡೆದಿತ್ತು. ಅಮ್ಮ ಬರಿಗಾಲಲ್ಲಿ ನಡುಬೀದಿಯಲ್ಲಿ ಕೈಚಾಚಿಕೊಂಡು ನಿಂತಿದ್ದಳು. “ಈಗ ತಾನೇ ಹೋದ್ರು. ನಿಲ್ಲಿಸ್ಲೇ ಇಲ್ಲ” ಅಂದಳು. ಯಾರು ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ.

ಮರುದಿನ ರಜೆ ಹಾಕಿ ಅವಳ ಪಕ್ಕದಲ್ಲೇ ಕೂತೆ. ಸೈಕಲ್ಲು ನನ್ನ ಕಣ್ಣೆದುರಿಗೇ ಗೋಡೆಗೆ ಒರಗಿತ್ತು. ಆರೂವರೆಗೆ ತಿರುವಿನ ಕಡೆಯಿಂದ ಸದ್ದು ಬಂತು. ಮೂರು ಸಲ, ಸುಮ್ಮನೆ. ಮೂರು ಸಲ, ಸುಮ್ಮನೆ. ಅಯ್ಯೋ ದೇವರೇ! ಅಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ನಾನು ಹೊರಗೆ ಓಡುವುದರೊಳಗೆ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ.

ಬೆಳಗಾಗುತ್ತಲೇ ಶಿವಾಜಿನಗರಕ್ಕೆ ಹೋಗಿ ಹಳೆಯ ಫ್ರೀವೀಲು ಎಲ್ಲಿ ಎಂದು ಮೆಕ್ಯಾನಿಕ್ ಮೇಲೆ ಎಗರಾಡಿದೆ. “ಅರೆ, ಒಳಗೆ ಸ್ಪ್ರಿಂಗ್ ಹೋಗಿತ್ತು, ಅಷ್ಟೇ ಅಕ್ಕಾ. ಹಾಕಿ ಒಬ್ರ ಸೈಕಲ್‌ಗೆ ಕೂರಿಸ್ದೆ. ನಿಮ್ಮ ಹಿಂದಿನ ಬೀದೀಲೇ ಅವ್ರ ರೂಮು. ನೀವೇ ಬೇಡ ಅಂದ್ರಲ್ಲಾ?” ಅಂದರು. ರೂಮಿನ ಗುರುತು ಕೇಳಿಕೊಂಡು ಹೊರಟೆ.

ರೂಮಿನಲ್ಲಿದ್ದವರು ರಾಯಚೂರಿನ ಕಡೆಯ ಗಾರೆ ಕೆಲಸದವರೊಬ್ಬರು. ಬದಲಾಯಿಸಿಕೊಳ್ಳೋಣ ಎಂದಾಗ ನಕ್ಕುಬಿಟ್ಟರು. “ಹೊಸಾದು ಕೊಟ್ಟು ಹಳೇದು ತಗೋತೀರೇನ್ರಿ ಅಕ್ಕಾರ? ತಗೋರಿ.” ಆಮೇಲೆ ದನಿ ತಗ್ಗಿಸಿದರು. “ನಿಮ್ಮ ಓಣ್ಯಾಗ ಬರೂ ಮುಂದ ಯಾರೋ ಒಳಗಿಂದ ಕೈಕಾಲು ತೊಳ್ಕೊಳ್ಳಿ ಅಂತಾರ್ರಿ. ನನಗ ಅಂಜಿಕಿ ಬಂದು ನಿಂದ್ರಸೂದಿಲ್ಲ.”

ಭಾನುವಾರ ಅವರೂ ನಾನೂ ಶಿವಾಜಿನಗರಕ್ಕೆ ಹೋಗಿ ಅದಲುಬದಲು ಮಾಡಿಸಿಕೊಂಡೆವು. ಸೋಮವಾರ ಸಂಜೆ ತಿರುವಿನಲ್ಲಿ ಪೆಡಲ್ ಬಿಟ್ಟೆ. ಮೂರು ಸಲ, ಸುಮ್ಮನೆ. ನಾನು ಇಳಿಯುವುದರೊಳಗೆ ಚಿಲಕ ಸರಿಯಿತು. ಗೆದ್ದೆ ಅನ್ನಿಸಿತು. ಇನ್ನು ನನ್ನಮ್ಮ ನನ್ನನ್ನು ಯಾರು ಅಂತ ಕೇಳುವುದಿಲ್ಲ.

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನನ್ನ ತಲೆಗಿಂತ ಒಂದು ಗೇಣು ಮೇಲಕ್ಕೆ ಮುಖ ಎತ್ತಿದಳು. ಅಪ್ಪ ಎತ್ತರದ ಆಳು.

“ಇವತ್ತಾದ್ರೂ ನಿಲ್ಲಿಸಿದ್ರಲ್ಲ” ಅಂದಳು. “ಮಗಳು ಇನ್ನೂ ಬಂದಿಲ್ಲ ಕಣ್ರೀ. ಯಾವಳೋ ದಿನಾ ಬಂದು ಅವಳ ಹೆಸರು ಹೇಳ್ತಾಳೆ. ನಂಗ್ಯಾಕೋ ಭಯ. ರೋಡಿನ ತನಕ ಹೋಗಿ ನೋಡ್ಕೊಂಡು ಬನ್ನಿ.”

ನಾನೇ ಕಣಮ್ಮ ಎನ್ನಲು ಬಾಯಿ ತೆರೆದೆ. ಆ ಮುಖದಲ್ಲಿ ಅಪ್ಪ ಹೋದ ಮೇಲೆ ನಾನು ಕಾಣದ ನೆಮ್ಮದಿ ಇತ್ತು. ಸದ್ದು ಮಾಡದೆ ಸೈಕಲ್ ತಿರುಗಿಸಿ, ನನ್ನನ್ನು ಹುಡುಕಲು ಹೊರಟೆ.